ಎಪ್ಪತ್ತು ಅಡಿ ಕಡಿಮೆ

ನಿವೃತ್ತರಾಗಿ ನೆವಾಡಾಗೆ ಮನೆ ಬದಲಿಸುತ್ತಿರುವ ಹಿರಿಯರೊಬ್ಬರ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ನಮ್ಮ ಕನ್ನಡ ಕೂಟದವರು ನನ್ನನ್ನು ಕೇಳಿದರು. ಏಳು ವರ್ಷ ಅವರ ಕೈಕೆಳಗೆ ದುಡಿದವನು ನಾನು, ನನಗಿಂತ ಚೆನ್ನಾಗಿ ಯಾರು ಬರೆದಾರು ಎಂಬುದು ಕೂಟದವರ ಲೆಕ್ಕ. ‘ಮಾರ್ಗದರ್ಶಕರು’ ಎಂಬ ಪದ ಎಲ್ಲಾದರೂ ಒಂದು ಕಡೆ ಬರಲಿ ಎಂದೂ ಹೇಳಿದ್ದರು. ಬರೆದುಕೊಟ್ಟೆ. ಆ ಪದ ಬರಲಿಲ್ಲ. ಮೂರೇ ದಿನಕ್ಕೆ ವಾಪಸ್ಸು ಕಳಿಸಿ, “ಸ್ವಲ್ಪ ಪಾಸಿಟಿವ್ ಆಗಿ ಬರೀಬಹುದಾ ಸರ್?” ಎಂದು ಕೇಳಿದರು. ನನ್ನಿಂದ ಆಗುವುದಿಲ್ಲ. ಈಗ ಬರೆಯುತ್ತಿರುವುದು ಅದನ್ನೇ, ಆಗ ಬಿಟ್ಟಿದ್ದನ್ನೂ ಸೇರಿಸಿ. ಹೆಸರು ಹಾಕುವುದಿಲ್ಲ, ಅಷ್ಟು ಉಪಕಾರ ಮಾಡಬಲ್ಲೆ.

ಹೇವರ್ಡಿನಲ್ಲಿ, ಗೋದಾಮುಗಳ ಸಾಲಿನ ಕೊನೆಯಲ್ಲಿ, ಅಳತೆಯ ಉಪಕರಣ ತಯಾರಿಸುವ ಒಂದು ಸಣ್ಣ ಕಂಪನಿ. ಅಲ್ಲಿ ಅವರು ಕ್ವಾಲಿಟಿ ಮ್ಯಾನೇಜರು. ಮೂಲ ಹುಬ್ಬಳ್ಳಿ. ಎತ್ತರದ ಆಳು, ಸದಾ ಇಸ್ತ್ರಿ ಮಾಡಿದ ಷರಟು, ಜೇಬಿನಲ್ಲಿ ಎರಡು ಪೆನ್ನು ಮತ್ತು ಒಂದು ಸ್ಟಿಕರ್ ಸುರುಳಿ. ಆ ಸ್ಟಿಕರಿನ ವಿಷಯ ಮೊದಲು ಹೇಳಿಬಿಡಬೇಕು. ಯಾವುದೇ ಉಪಕರಣ ಪರೀಕ್ಷೆಯಾದ ಮೇಲೆ ಅದಕ್ಕೊಂದು ಹಸಿರು ಸ್ಟಿಕರ್ ಅಂಟಿಸಿ, ಯಾರು ಪರೀಕ್ಷಿಸಿದರು, ಮುಂದಿನ ಪರೀಕ್ಷೆ ಯಾವಾಗ ಎಂದು ಬರೆಯುವುದು ನಮ್ಮ ಕಸುಬಿನ ಪದ್ಧತಿ. ಇವರಿಗೆ ಅದು ಪದ್ಧತಿಯಾಗಿ ಉಳಿದಿರಲಿಲ್ಲ, ವ್ರತವಾಗಿತ್ತು. ಸ್ಟಿಕರ್ ಸೊಟ್ಟಗಿದೆ ಎಂದು ಒಮ್ಮೆ ಒಂದು ಇಡೀ ಲಾರಿಯ ಮಾಲನ್ನು ಇಳಿಸಿದ್ದರು. ಒಳಗಿನ ಉಪಕರಣ ಸರಿಯಿದೆಯೇ ಎಂದು ಯಾರೂ ನೋಡಲಿಲ್ಲ. ಸ್ಟಿಕರ್‌ಗಳನ್ನು ನೆಟ್ಟಗೆ ಅಂಟಿಸಿ ಮತ್ತೆ ಹತ್ತಿಸಿದೆವು.

ಇನ್ನೊಬ್ಬರ ತಪ್ಪು ಕಂಡರೆ ಅವರ ಮುಖಕ್ಕೆ ಕಳೆ ಬರುತ್ತಿತ್ತು. ಕನ್ನಡಕ ತೆಗೆದು, ಷರಟಿನ ಅಂಚಿನಲ್ಲಿ ನಿಧಾನವಾಗಿ ಒರೆಸಿ, ಮತ್ತೆ ಏರಿಸಿ, “ನೋಡಪಾ, ಡೇಟಾ ಸುಳ್ಳ ಹೇಳಂಗಿಲ್ಲ. ಮಂದಿ ಹೇಳ್ತಾರ” ಎನ್ನುತ್ತಿದ್ದರು. ಆ ಒರೆಸುವ ಹೊತ್ತಿನಲ್ಲಿ ಎದುರಿಗೆ ಕೂತವನಿಗೆ ಬೆವರು ಇಳಿಯಬೇಕು, ಇಳಿಯುತ್ತಿತ್ತು. ಒಂದು ತಪ್ಪಿಗೆ ಐದು ಸಲ ‘ಯಾಕ’ ಎಂದು ಕೇಳಿದರೆ ಮೂಲ ಕಾರಣ ಸಿಗುತ್ತದೆ ಎಂದು ನಮಗೆಲ್ಲ ಪಾಠ ಮಾಡಿದ್ದರು. ಏಳು ವರ್ಷದಲ್ಲಿ ಆ ಪ್ರಶ್ನೆಯನ್ನು ಅವರು ತಮಗೆ ತಾವೇ ಒಂದು ಸಲ ಕೇಳಿಕೊಂಡದ್ದನ್ನು ನಾನು ಕಾಣೆ.

ಐವತ್ತು ದಾಟಿದ ಮೇಲೆ ಅವರಿಗೆ ಬಂದೂಕಿನ ಹುಚ್ಚು ಹಿಡಿಯಿತು. ಬೇಟೆಗಲ್ಲ, ಗುರಿಗೆ. ಲಾಸ್ ಗ್ಯಾಟೋಸ್ ಆಚೆಯ ಬೆಟ್ಟದಲ್ಲಿದ್ದ ಒಂದು ಶೂಟಿಂಗ್ ರೇಂಜಿಗೆ ಶನಿವಾರ ಶನಿವಾರ ಹೋಗುವುದು, ದೂರದ ಕಾಗದದ ಹಾಳೆಗೆ ತೂತು ಮಾಡುವುದು. ವರ್ಷ ಕಳೆಯುವಷ್ಟರಲ್ಲಿ ಅಂಗಡಿಯ ತೋಟಾಗಳು ಅವರ ಲೆವೆಲ್ಲಿಗೆ ಸಾಲದಾದವು. ಹಾರಿಸಿದ ಹಿತ್ತಾಳೆಯ ಖಾಲಿ ಕೇಸುಗಳನ್ನು ಹೆಕ್ಕಿ ತಂದು, ತೊಳೆದು, ಕಿಡಿ ಹೊತ್ತಿಸುವ ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಹಾಕಿ, ಮೇಲೆ ಗುಂಡು ಒತ್ತಿ, ತಾವೇ ತೋಟಾ ತಯಾರಿಸಲು ಶುರುಮಾಡಿದರು. ಎವರ್‌ಗ್ರೀನ್ ಬಡಾವಣೆಯ ಅವರ ಮನೆಯ ಗ್ಯಾರೇಜಿನ ಅರ್ಧ ಭಾಗ ಅದಕ್ಕೆ ಹೋಯಿತು. ಅವರ ಕೈ ಒಳ್ಳೆಯದು ಎಂಬುದನ್ನು ಒಪ್ಪುತ್ತೇನೆ. ಆ ಉದ್ದನೆಯ ಬೆರಳುಗಳು ಒಂದೊಂದು ತೋಟಾವನ್ನೂ ದೀಪಕ್ಕೆ ಹಿಡಿದು ತಿರುಗಿಸಿ ನೋಡುವುದನ್ನು ಕಂಡರೆ, ಈ ಮನುಷ್ಯ ಬಾಯಿ ಇಲ್ಲದೆ ಹುಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಶನಿವಾರಗಳಿಗೆ ನಾನು ಸಿಕ್ಕಿಬಿದ್ದದ್ದು ಹೀಗೆ. ವೀಸಾದ ಮೇಲಿದ್ದ ನಾನು ಇಲ್ಲಿನ ಕಾನೂನಿನಂತೆ ಬಂದೂಕು ಮುಟ್ಟುವಂತಿರಲಿಲ್ಲ. ಮುಟ್ಟುವ ಆಸೆಯೂ ಇರಲಿಲ್ಲ. ಆದರೆ ನನ್ನ ಗ್ರೀನ್ ಕಾರ್ಡಿನ ಕಾಗದಪತ್ರಕ್ಕೆ ಅವರ ಸಹಿ ಬೇಕಿತ್ತು, ಅವರಿಗೆ ಅಂಕಿ ಬರೆದುಕೊಳ್ಳುವ ಒಬ್ಬ ಗುಮಾಸ್ತ ಬೇಕಿತ್ತು. ಬಂದೂಕಿನ ಮುಂದೆ ಒಂದು ಸ್ಟ್ಯಾಂಡಿನ ಮೇಲೆ ಗುಂಡಿನ ವೇಗ ಅಳೆಯುವ ಯಂತ್ರ ಇಡುತ್ತಾರೆ. ಗುಂಡು ಅದರ ಮೇಲೆ ಹಾದುಹೋದಾಗ ಸೆಕೆಂಡಿಗೆ ಎಷ್ಟು ಅಡಿ ಎಂದು ತೋರಿಸುತ್ತದೆ. ಅವರು ಹಾರಿಸುವುದು, ನಾನು ಬರೆಯುವುದು. ಕಿವಿಗೆ ಮುಚ್ಚಳ ಹಾಕಿಕೊಂಡು ಹಾಸನದ ಒಬ್ಬ ಎಂಜಿನಿಯರು ಹೀಗೆ ಮೂರು ವರ್ಷದ ಶನಿವಾರಗಳನ್ನು ಕಳೆದ. ನನ್ನ ಹೆಂಡತಿ ಅದಕ್ಕೆ ಇಟ್ಟ ಹೆಸರನ್ನು ಇಲ್ಲಿ ಬರೆಯುವಂತಿಲ್ಲ.

ಗ್ಯಾರೇಜಿನ ಇನ್ನರ್ಧ ಅವರ ಹೆಂಡತಿಯದು. ಅವರನ್ನು ನಾನು ಅಕ್ಕ ಎಂದೇ ಕರೆಯುವುದು. ಹುಬ್ಬಳ್ಳಿಯಲ್ಲಿ ಹೈಸ್ಕೂಲಿಗೆ ಗಣಿತ ಹೇಳುತ್ತಿದ್ದವರು, ಇಲ್ಲಿಗೆ ಬಂದು ಗಂಡನ ವೀಸಾದ ನೆರಳಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತರು. ಕೆಲಸ ಮಾಡಬಹುದು ಎಂದು ಕಾಗದ ಬರುವ ಹೊತ್ತಿಗೆ ಕೆಲಸ ಕೊಡುವವರು ಇರಲಿಲ್ಲ. ಆಗ ಅವರು ಗ್ಯಾರೇಜಿನಲ್ಲಿ ಒಂದು ಕರೆಂಟಿನ ಒಲೆ, ಒಂದು ದೊಡ್ಡ ಗ್ರೈಂಡರ್ ಇಟ್ಟುಕೊಂಡು ಹೂರಣದ ಹೋಳಿಗೆ ಮಾಡಲು ತೊಡಗಿದರು. ಎವರ್‌ಗ್ರೀನಿನ ಮನೆಗಳಿಂದ ಶುರುವಾಗಿ, ಫ್ರೀವೇ ದಾಟಿ ಜನ ಬರತೊಡಗಿದರು. ನಾಮಕರಣ, ಗೃಹಪ್ರವೇಶ, ಯುಗಾದಿ. ಆ ಮನೆಗೆ ಬರುವ ಫೋನುಗಳು ಅವರ ಹೆಸರು ಹಿಡಿದು ಬರತೊಡಗಿದವು. ಅಕ್ಕ ಫೋನೆತ್ತುವ ದನಿಯೇ ಬದಲಾಗಿತ್ತು. ಅವರ ಪತಿರಾಯರು ಆ ಹೋಳಿಗೆಯನ್ನು ದಿನಾ ತಿಂದೂ “ಪರವಾಗಿಲ್ಲ” ಎಂಬುದಕ್ಕಿಂತ ಮೇಲೆ ಒಂದು ಮಾತು ಹೇಳಿದ್ದನ್ನು ನಾನು ಕೇಳಿಲ್ಲ.

ನಾಲ್ಕು ವರ್ಷದ ಹಿಂದಿನ ನವೆಂಬರಿನಲ್ಲಿ ಗುಂಡುಗಳು ನಿಧಾನವಾದವು. ಸೆಪ್ಟೆಂಬರಿನಲ್ಲಿ ಬರುತ್ತಿದ್ದ ವೇಗಕ್ಕಿಂತ ಸೆಕೆಂಡಿಗೆ ಎಪ್ಪತ್ತು ಅಡಿ ಕಡಿಮೆ. ಅದೇ ಬಂದೂಕು, ಅದೇ ಮದ್ದು, ಅದೇ ತೂಕ. ದೂರದ ಗುರಿಯಲ್ಲಿ ಗುಂಡು ಒಂದು ಗೇಣು ಕೆಳಗೆ ಬೀಳುತ್ತಿತ್ತು. ನಾನು ಅಂಕಿ ಓದಿ ಹೇಳಿದಾಗ ಅವರು ನನ್ನನ್ನು ಕನ್ನಡಕದ ಮೇಲಿಂದ ನೋಡಿದರು. ನಾನು ತಪ್ಪು ಬರೆದಿದ್ದೇನೆ ಎಂಬುದು ಅವರ ಮೊದಲ ಮೂಲ ಕಾರಣ.

ಅದು ಅಲ್ಲವೆಂದಾದ ಮೇಲೆ ತನಿಖೆ ಶುರುವಾಯಿತು. ವೇಗದ ಯಂತ್ರದ ಬ್ಯಾಟರಿ ಬದಲಾಯಿತು. ಬಿಸಿಲು ಯಂತ್ರದ ಕಣ್ಣಿಗೆ ಬೀಳುತ್ತಿದೆ ಎಂದು ಅಕ್ಕನ ಹೂವಿನ ಕೊಡೆ ತಂದು ಅದರ ಮೇಲೆ ಕಟ್ಟಿದರು, ಇಡೀ ರೇಂಜು ತಿರುಗಿ ನೋಡಿತು. ಪ್ರೈಮರ್ ಬದಲಾಯಿತು. ಗುಂಡನ್ನು ಕೇಸಿನೊಳಗೆ ಎಷ್ಟು ಆಳಕ್ಕೆ ಒತ್ತಬೇಕೆಂಬುದನ್ನು ಕೂದಲೆಳೆಯಷ್ಟು ಬದಲಿಸಿ ನೋಡಿದರು. ಚಳಿಗೆ ಮದ್ದು ಮಂದವಾಗಿ ಉರಿಯುತ್ತದೆ ಎಂದು ತೋಟಾಗಳನ್ನು ಜೇಬಿನಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು ಬಂದರು. ಪಕ್ಕದ ಮೇಜಿನ ಬಿಳಿಯ ಮುದುಕನೊಬ್ಬ, ನಿನ್ನ ನಳಿಗೆ ತೋಟಾ ತಯಾರಿಸುವ ಪುಸ್ತಕದಲ್ಲಿರುವ ನಳಿಗೆಗಿಂತ ಗಿಡ್ಡ, ಅದಕ್ಕೇ ವೇಗ ಕಡಿಮೆ ಎಂದ. ಇವರು ವಿನಯದಿಂದ ತಲೆಯಾಡಿಸಿ, ಮನೆಗೆ ಬಂದು ಅದನ್ನೂ ಫೈಲಿಗೆ ಹಾಕಿದರು. ನಳಿಗೆ ಸೆಪ್ಟೆಂಬರಿನಲ್ಲೂ ಅಷ್ಟೇ ಗಿಡ್ಡ ಇತ್ತಲ್ಲ ಎಂದು ನಾನು ಹೇಳಬಹುದಿತ್ತು. ನಾನು ಗುಮಾಸ್ತ.

ಒಂದು ಭಾನುವಾರ ಗ್ಯಾರೇಜಿನಲ್ಲಿ ಇದೆಲ್ಲ ಚರ್ಚೆ ನಡೆಯುತ್ತಿದ್ದಾಗ, ಆ ಕಡೆ ಕಣಕ ನಾದುತ್ತಿದ್ದ ಅಕ್ಕ ತಲೆಯೆತ್ತದೆ ಕೇಳಿದರು. “ಆ ತಕ್ಕಡಿ ಖಾಲಿ ತಟ್ಟಿ ಇಟ್ಟ ನೋಡೀರೇನ್ರಿ? ನಾ ದಿನಾ ಬೆಲ್ಲಾ ತೂಗೂಕಿಂತ ಮೊದಲ ಡಬ್ಬಿ ತೂಗತೀನಿ.”

“ಇದು ಹೋಳಿಗಿ ಅಲ್ಲ,” ಎಂದರು ಇವರು. “ಆ ತಕ್ಕಡಿ ಕ್ಯಾಲಿಬ್ರೇಟ್ ಆಗೈತಿ. ಸ್ಟಿಕರ್ ಕಾಣವಲ್ದೇನು?”

ನಿಜ, ಸ್ಟಿಕರ್ ಇತ್ತು. ಮದ್ದು ತೂಗುವ ಆ ಪುಟ್ಟ ತಕ್ಕಡಿಯನ್ನು ಕೊಂಡ ದಿನವೇ ತಾವೇ ಪರೀಕ್ಷಿಸಿ, ಹಸಿರು ಸ್ಟಿಕರ್ ಅಂಟಿಸಿ, ತಮ್ಮದೇ ಸಹಿ ಹಾಕಿ, ಸೊನ್ನೆಗೆ ಹೊಂದಿಸುವ ತಿರುಪನ್ನು ಯಾರೂ ತಿರುಗಿಸಬಾರದೆಂದು ಅದರ ಮೇಲೆ ಒಂದು ಹನಿ ಉಗುರುಬಣ್ಣ ಬಿಟ್ಟಿದ್ದರು. ವರ್ಷಕ್ಕೊಮ್ಮೆ ಹೊಸ ಸ್ಟಿಕರ್ ಬರುತ್ತಿತ್ತು. ಅಳತೆಯೇ ನನ್ನ ಕಸುಬು. ಅಕ್ಕ ಕೇಳಿದ್ದು ಮೊದಲು ಕೇಳಬೇಕಾದ ಪ್ರಶ್ನೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ನನ್ನ ಕಾಗದಗಳು ಆಗ ಅವರ ಮೇಜಿನ ಮೇಲಿದ್ದವು. ನಾನು ಕಾಫಿ ಕುಡಿದೆ.

ಜನವರಿಯಲ್ಲಿ ಅವರಿಗೆ ಅಪರಾಧಿ ಸಿಕ್ಕಿದ. ಮದ್ದು ತೇವ ಹೀರಿದರೆ ನಿಧಾನ ಉರಿಯುತ್ತದೆ, ಇದು ಪುಸ್ತಕದಲ್ಲೇ ಇದೆ. ಗ್ಯಾರೇಜಿನಲ್ಲಿ ತೇವ ಎಲ್ಲಿಂದ? ಕಡಲೆಬೇಳೆ ಬೇಯಿಸುವ ಹಬೆಯಿಂದ. ಆಫೀಸಿನಿಂದ ತೇವ ಅಳೆಯುವ ಮೀಟರು ತಂದು, ಬೇಳೆ ಬೇಯುವಾಗ ಒಲೆಯ ಪಕ್ಕದಲ್ಲೇ ಹಿಡಿದು, ಅಂಕಿ ಬರೆದು, ಗ್ರಾಫು ಮಾಡಿ, ಆಫೀಸಿನಲ್ಲಿ ತಪ್ಪಿತಸ್ಥರಿಗೆ ಕೊಡುವಂಥದೇ ಒಂದು ಹಾಳೆಯನ್ನು ಅಚ್ಚು ಹಾಕಿ ಹೆಂಡತಿಯ ಕೈಗೆ ಕೊಟ್ಟರು. ನಾನು ಅಲ್ಲೇ ಇದ್ದೆ. ಮದ್ದು ಇದ್ದಲ್ಲಿ ಒಲೆ ಬೇಡ ಎಂದಿದ್ದರೆ ಅದು ನ್ಯಾಯವಾದ ಮಾತು, ಯಾರಾದರೂ ಒಪ್ಪುತ್ತಾರೆ. ಆದರೆ ಒಲೆ ಮೊದಲು ಬಂದದ್ದು, ಮದ್ದು ಆಮೇಲೆ. ಆ ನ್ಯಾಯಕ್ಕೆ ಜಾಗ ಬಿಡಬೇಕಾದವರು ಇವರೇ ಆಗುತ್ತಿದ್ದರು. ಹಾಗಾಗಿ ಆ ಮಾತು ಅವರ ಬಾಯಲ್ಲಿ ಬರಲಿಲ್ಲ.

“ಒಲಿ, ಗ್ರೈಂಡರ್ ಮಷೀನ್ ಎರಡೂ ಹೊರಗ ಹೋಗಬೇಕು,” ಎಂದರು.

ಅಕ್ಕ ಹಾಳೆಯನ್ನು ಪೂರ್ತಿ ಓದಿದರು. “ಅಡಿಗಿಮನ್ಯಾಗ ಆ ಮಷೀನ್ ಹಿಡಿಯೂದಿಲ್ಲರೀ. ಯುಗಾದಿ ಬಂತು. ಮಂದಿಗೆ ಹೂಂ ಅಂದೀನಿ.”

“ನಿಲ್ಲಸಂತ ಯಾರಂದ್ರು? ಟೆಂಪರರಿ. ಗುಂಡು ಸರಿ ಆಗೂತನಕ.”

ಹೀಗೆ ಗುಂಡು ಸರಿಯಾಗುವವರೆಗೆ ಎಂದು ಆ ಕೆಲಸ ನಿಂತಿತು. ಫೆಬ್ರವರಿಯ ಒಂದು ಬೆಚ್ಚನೆಯ ಶನಿವಾರ ವೇಗ ಹದಿನೈದು ಅಡಿ ಏರಿತು. ಬಿಸಿಲಿಗೆ ಏರಿದ್ದು. “ನೋಡಿದೇನು? ಹದಿನೈದು!” ಎಂದು ನನ್ನ ಬೆನ್ನಿಗೆ ಹೊಡೆದರು. ಮುಂದಿನ ವಾರದ ಚಳಿಗೆ ಹದಿನೈದೂ ಇಳಿಯಿತು. ಅದನ್ನು ಬರೆಯಬೇಡ, ಅದು ಲೆಕ್ಕಕ್ಕಿಲ್ಲ ಎಂದರು. ಡೇಟಾ ಸುಳ್ಳು ಹೇಳದಂತೆ ಅವರು ನೋಡಿಕೊಳ್ಳುತ್ತಿದ್ದ ಬಗೆ ಇದು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವರು ಫೋನು ಬಂತೆಂದು ಮನೆಯೊಳಗೆ ಹೋದರು. ಗ್ಯಾರೇಜಿನಲ್ಲಿ ನಾನೊಬ್ಬನೇ. ತಕ್ಕಡಿಯ ತಟ್ಟೆಯನ್ನು ಬಟ್ಟೆಯ ಮೇಲೆ ಬೋರಲು ಹಾಕಿದ್ದರು. ಅದರ ತಳದಲ್ಲಿ ಕುಂಕುಮ ಕಂಡಿತು. ಬೆರಳಗಲ ಒಣಗಿದ ಗಂಧ, ಅದರ ಮೇಲೆ ಕುಂಕುಮ, ಅದಕ್ಕೆ ಅಂಟಿಕೊಂಡ ಎರಡು ಕಾಳು ಅಕ್ಷತೆ. ಅಕ್ಟೋಬರಿನ ಆಯುಧಪೂಜೆಯ ಗುರುತು. ಕಾರು, ಬಂದೂಕು, ತೋಟಾ ಒತ್ತುವ ಯಂತ್ರ, ವೇಗದ ಯಂತ್ರ, ಎಲ್ಲಕ್ಕೂ ಅವರೇ ಪೂಜೆ ಮಾಡಿದ್ದರು. ತಕ್ಕಡಿಗೆ ಹಚ್ಚುವಾಗ ಮದ್ದಿಗೆ ತಾಗಬಾರದೆಂಬ ಮುಂದಾಲೋಚನೆಯಿಂದ ತಟ್ಟೆಯ ತಳಕ್ಕೆ ಹಚ್ಚಿದ್ದರು. ಖಾಲಿ ತಟ್ಟೆಯನ್ನು ತಕ್ಕಡಿಗೆ ಹಾಕಿದೆ. ಮುಳ್ಳು ಸೊನ್ನೆಗೆ ಬರಲಿಲ್ಲ. ಗಂಧದ ತೂಕದಷ್ಟು ಮದ್ದನ್ನು ಅವರು ಐದು ತಿಂಗಳಿಂದ ಪ್ರತಿ ತೋಟಾದಲ್ಲೂ ಕಡಿಮೆ ಹಾಕುತ್ತಿದ್ದರು.

ಅವರು ಬಂದರು. ತೋರಿಸಿದೆ. ಬಹಳ ಹೊತ್ತು ಮುಳ್ಳನ್ನೇ ನೋಡಿದರು. ಕನ್ನಡಕ ತೆಗೆದರು, ಆದರೆ ಒರೆಸಲಿಲ್ಲ. ಆಮೇಲೆ ಉಗುರಿನಿಂದ ಆ ಗಂಧವನ್ನು ಮೆಲ್ಲಗೆ ಕೆರೆದು, ಅಂಗೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಮನುಷ್ಯನಿಗೆ ನಾಚಿಕೆಯಾಗಿದೆ, ಈಗಾದರೂ ಒಂದು ಒಳ್ಳೆಯ ಮಾತು ಬಂದೀತು ಎಂದು ನಾನು ಕಾದೆ.

“ಇದು ನಮ್ಮಿಬ್ಬರಾಗ ಇರಲಿ,” ಎಂದರು.

ಮುಂದಿನ ಶನಿವಾರ ಎಪ್ಪತ್ತು ಅಡಿಯೂ ವಾಪಸ್ಸು ಬಂತು. ಮಧ್ಯಾಹ್ನ ಅವರ ಮನೆಯಲ್ಲೇ ಊಟ. ಅಕ್ಕ ಚಪಾತಿ ಬಡಿಸುತ್ತಿದ್ದರು. ಇವರು ಕೈ ತೊಳೆದು ಬಂದು ಕೂತು, ಹವಾಮಾನದ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದರು. “ಗುಂಡು ಸರಿ ಆತು. ಗ್ಯಾರೇಜ್ ಪೂರಾ ಒಣಗಾಕ ಎರಡ ತಿಂಗಳ ಬೇಕಾತು ನೋಡು.”

ಅಕ್ಕ ಅವರತ್ತ ನೋಡಲಿಲ್ಲ. ನನ್ನತ್ತ ತಿರುಗಿದರು. “ಹೌದೇನ್ರಿ ತಮ್ಮಾ? ನನ್ನ ಒಲೀದಿಂದನ ಆಗಿತ್ತೇನು?”

ಇವರು ಊಟ ಮಾಡುತ್ತಲೇ ಇದ್ದರು. ನನ್ನ ಉತ್ತರ ಏನಿರುತ್ತದೆ ಎಂಬ ಬಗ್ಗೆ ಅವರಿಗೆ ಒಂದಿಷ್ಟೂ ಅನುಮಾನ ಇರಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

“ಹೂಂ ಅಕ್ಕ,” ಎಂದೆ.

ಕಾಗದಗಳಿಗೆ ಮುಂದಿನ ವಾರ ಸಹಿ ಬಿತ್ತು. ಎರಡು ವರ್ಷದ ಹಿಂದೆ ನಾನು ಬೇರೆ ಕಂಪನಿ ಸೇರಿದೆ. ಶನಿವಾರಗಳು ನನಗೆ ವಾಪಸ್ಸು ಸಿಕ್ಕವು. ಅಕ್ಕ ಯಾವುದೋ ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾರೆ ಎಂದು ಕೇಳಿದೆ. ಗ್ಯಾರೇಜಿನ ಆ ಅರ್ಧದಲ್ಲಿ ಈಗ ಇನ್ನೊಂದು ಮೇಜು, ಇನ್ನೊಂದು ಯಂತ್ರ, ಇನ್ನೊಂದು ಹಸಿರು ಸ್ಟಿಕರ್ ಇವೆ ಎಂದೂ ಕೇಳಿದೆ.

ಕಳೆದ ತಿಂಗಳು ಎವರ್‌ಗ್ರೀನಿನ ಒಂದು ಹಾಲಿನಲ್ಲಿ ಅವರ ಬೀಳ್ಕೊಡುಗೆಯ ಊಟ. ಶಾಲು ಹೊದಿಸಿದರು. ಅವರು ಮಾತಿಗೆ ನಿಂತರು. ಮೂಲ ಕಾರಣ ಹುಡುಕುವುದು ಹೇಗೆ ಎಂಬ ಬಗ್ಗೆ ಒಂದು ಉದಾಹರಣೆ ಹೇಳುತ್ತೇನೆ ಎಂದು ಕನ್ನಡಕ ಒರೆಸಿಕೊಂಡು ಆ ನಿಧಾನದ ಗುಂಡುಗಳ ಕಥೆ ತೆಗೆದರು. ಬ್ಯಾಟರಿ, ಕೊಡೆ, ಪ್ರೈಮರ್, ಚಳಿ, ಒಂದೊಂದನ್ನೇ ಹೇಗೆ ತಳ್ಳಿಹಾಕುತ್ತ ಬಂದೆ, ಕೊನೆಗೆ ಅಪರಾಧಿ ಮನೆಯಲ್ಲೇ ಹೋಳಿಗೆ ಮಾಡುತ್ತ ಕೂತಿತ್ತು ಎಂದರು. ಜನ ಬಿದ್ದು ಬಿದ್ದು ನಕ್ಕರು. ಹೆಂಗಸರು ಅಕ್ಕನ ಕಡೆ ತಿರುಗಿ ನಕ್ಕರು. ಅಕ್ಕನೂ ನಕ್ಕರು, ಬೇರೆ ಏನು ಮಾಡಬೇಕಿತ್ತು. ಆ ಮನುಷ್ಯ ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನ್ನಿಸಲಿಲ್ಲ. ಅವರು ಅದನ್ನು ನಂಬಿಬಿಟ್ಟಿದ್ದರು. ಸುಳ್ಳನಾಗುವುದಕ್ಕೂ ಒಂದು ಯೋಗ್ಯತೆ ಬೇಕು, ನಿಜ ಯಾವುದೆಂದು ನೆನಪಿರಬೇಕು. ಅವರಲ್ಲಿ ಅದೂ ಇರಲಿಲ್ಲ.

ಜನ ಚದುರುವಾಗ ಅಕ್ಕ ಒಂದು ಮೂಲೆಯಲ್ಲಿ ಉಳಿದ ಅಡಿಗೆಯನ್ನು ಅಲ್ಯೂಮಿನಿಯಂ ಟ್ರೇಗಳಿಗೆ ಹಾಕಿ ಮುಚ್ಚುತ್ತಿದ್ದರು. ನನ್ನ ಸಹಿಗಳೆಲ್ಲ ಆಗಿದ್ದವು, ಕೆಲಸ ಬೇರೆಯಾಗಿತ್ತು, ಯಾರ ಭಯವೂ ಇರಲಿಲ್ಲ. ಧೈರ್ಯ ಪುಕ್ಕಟೆಯಾದ ಮೇಲೆ ನನಗೂ ಬಂತು. ಹತ್ತಿರ ಹೋಗಿ ಹೇಳಿದೆ. “ಅಕ್ಕ, ಅದು ನಿಮ್ಮ ಒಲೆಯಿಂದ ಆಗಿದ್ದಲ್ಲ.”

“ಮತ್ತ ಯಾತರಿಂದರೀ?”

ಹೇಳಿದೆ. ತಟ್ಟೆಯ ತಳ, ಗಂಧ, ಅಕ್ಷತೆ. ಅಕ್ಕ ಕೇಳುತ್ತ ಕೇಳುತ್ತ ನಗಲು ಶುರುಮಾಡಿದರು. “ಕುಂಕಮಾ?” ಎಂದು ಮತ್ತೆ ನಕ್ಕರು. ಆಗ ಜನರ ಮುಂದೆ ನಕ್ಕಂತಲ್ಲ, ಈ ಸಲ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು ಒಂದು ಟ್ರೇ ಮುಚ್ಚಿ ಪಕ್ಕಕ್ಕಿಟ್ಟರು. ಇಷ್ಟು ವರ್ಷದ ಭಾರ ಇಳಿಸಿಕೊಂಡೆ ಎಂದು ನನಗೆ ಒಳಗೊಳಗೇ ಹಗುರವಾಗುತ್ತಿತ್ತು, ಅದನ್ನೂ ಬಚ್ಚಿಡುವುದಿಲ್ಲ.

“ನಿಮಗ ಯಾವಾಗ ಗೊತ್ತಾತ್ರಿ ಇದು?” ಎಂದು ಕೇಳಿದರು.

“ಆಗಲೇ ಅಕ್ಕ. ಆ ಮಾರ್ಚ್‌ನಲ್ಲೇ.”

ಅವರ ಕೈ ನಿಂತಿತು. ನನ್ನನ್ನು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಇನ್ನೊಂದು ಟ್ರೇಯ ಅಂಚನ್ನು ಸುತ್ತಲೂ ಒತ್ತಿ ಒತ್ತಿ ಮುಚ್ಚಿದರು.

“ಆ ಗ್ರೈಂಡರ್ ಮಷೀನ್ ನಾ ಮಂದಿಗೆ ಕೊಟ್ಟಬಿಟ್ಟಿದ್ದು ಮೇ ತಿಂಗಳದಾಗ,” ಎಂದರು. “ಅಲ್ಲೀತನಕ ಹಿತ್ತಲ ಷೆಡ್ಡಿನ್ಯಾಗ ಹೊಚ್ಚಿ ಇಟ್ಟಿದ್ದೆ. ಯಾರರೆ ಒಬ್ರು ಏನರೆ ಹೇಳ್ತಾರಂತ.”